ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವ ಮುನ್ನ: ಮೊದಲು ಚಾಸಿ, ಆಮೇಲೆ ಎಂಜಿನ್

"ಕೆಲಸಕ್ಕೆ ಒಂದು ಹಳೇ ಪಿಕಪ್ ತಗೋಬೇಕು. ಏನೇನು ನೋಡಬೇಕು?" ಪ್ಲಂಬಿಂಗ್ ಮಾಡುವವರು, ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು, ಗಾರೆ ಕೆಲಸದವರು ಎಲ್ಲರೂ ಕೇಳುವ ಪ್ರಶ್ನೆ ಇದು. ಪ್ರತಿ ಸಲ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಒಂದೇ ಕಡೆ ಪೂರ್ತಿ ಬರೆಯೋಣ ಅನಿಸಿತು.

ಹೆಚ್ಚಿನವರು ಮೊದಲು ಕೇಳುವುದು "ಎಷ್ಟು ಕಿಲೋಮೀಟರ್ ಓಡಿದೆ?" ಅಂತ. ಕಾರಿಗೆ ಅದು ಸರಿಯಾದ ಪ್ರಶ್ನೆ. ಪಿಕಪ್‌ಗೆ ಅಷ್ಟೇ ಸಾಲದು. ಹಗುರ ಸಾಮಾನು ಹೊತ್ತು 1.5 ಲಕ್ಷ ಕಿಲೋಮೀಟರ್ ಓಡಿದ ಗಾಡಿ ಗಟ್ಟಿಯಾಗಿರಬಹುದು. ದಿನಾ ಮಿತಿ ಮೀರಿ ಕಲ್ಲು, ಮರಳು ಹೊತ್ತ ಗಾಡಿ 60 ಸಾವಿರಕ್ಕೇ ಸೋತಿರಬಹುದು. ಹಾಗಾಗಿ ನಾನು ಮೊದಲು ಕೇಳುವುದು ಏನು ಹೊತ್ತಿದೆ, ಎಷ್ಟು ಹೊತ್ತಿದೆ ಅಂತ. ಮಾರುವವರು ಇದಕ್ಕೆ ನಿಜ ಹೇಳದೇ ಇರಬಹುದು. ಆದರೆ ಗಾಡಿಯ ಅಡಿಯಲ್ಲಿ ಗುರುತುಗಳು ಉಳಿದಿರುತ್ತವೆ. ಎಂಜಿನ್ ಕೆಟ್ಟರೆ ಬಿಚ್ಚಿ ಸರಿ ಮಾಡಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಬಾಗಿದ ಅಥವಾ ತುಕ್ಕು ತಿಂದ ಚಾಸಿಯನ್ನು, ಅಂದರೆ ಇಡೀ ಗಾಡಿ ಕೂತಿರುವ ಅಡಿಯ ಚೌಕಟ್ಟನ್ನು, ಮೊದಲಿನ ಹಾಗೆ ಮಾಡುವುದು ಬಹಳ ಕಷ್ಟ, ಖರ್ಚೂ ಜಾಸ್ತಿ.

ನೋಡಲು ಹೋಗುವಾಗ ಇವು ಜೊತೆಗಿರಲಿ: ಒಳ್ಳೆಯ ಟಾರ್ಚ್, ನೆಲದ ಮೇಲೆ ಹಾಸಿ ಮಲಗಲು ಹಳೆಯ ಚಾಪೆ, ಅಳತೆ ಟೇಪು, ಒಂದು ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಬಿಳಿ ಬಟ್ಟೆ, ಫೋನ್. ಸಾಧ್ಯವಾದರೆ ಇನ್ನೊಬ್ಬರನ್ನೂ ಕರೆದುಕೊಂಡು ಹೋಗಿ. ಒಬ್ಬರು ಆಕ್ಸಿಲರೇಟರ್ ಒತ್ತಿದಾಗ ಇನ್ನೊಬ್ಬರು ಹೊಗೆ ನೋಡಬೇಕಲ್ವಾ? ಹೋಗುವುದು ಹಗಲಲ್ಲೇ ಆಗಲಿ. ಮಳೆಯಲ್ಲಿ ಒದ್ದೆಯಾದ ಗಾಡಿಯ ಬಣ್ಣದ ದೋಷ ಕಾಣುವುದಿಲ್ಲ.

1. ನಿಮ್ಮ ಭಾರ ಎಷ್ಟು ಅಂತ ಬರೆದುಕೊಳ್ಳಿ

ಗಾಡಿ ಹುಡುಕುವ ಮೊದಲು ಒಂದು ಕಾಗದ ತೆಗೆದುಕೊಂಡು ಕೂರಿ. ಇಲ್ಲಿ ಮೂರು ಮಾತು ಗೊತ್ತಿರಬೇಕು. ಒಟ್ಟು ತೂಕ ಅಂದರೆ ಗಾಡಿ, ಜನ, ಸಾಮಾನು ಎಲ್ಲ ಸೇರಿ ಕಂಪನಿ ಒಪ್ಪಿದ ಗರಿಷ್ಠ ತೂಕ. ಖಾಲಿ ತೂಕ ಅಂದರೆ ಬರಿ ಗಾಡಿಯ ತೂಕ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿಯುವುದು ಪೇಲೋಡ್, ಅಂದರೆ ಗಾಡಿ ಹೊರಬಲ್ಲ ಭಾರ.

ಒಂದು ಲೆಕ್ಕ ನೋಡಿ. ಒಟ್ಟು ತೂಕ 3,000 ಕೆಜಿ, ಖಾಲಿ ತೂಕ 1,850 ಕೆಜಿ ಅಂದುಕೊಳ್ಳಿ. ಪೇಲೋಡ್ 1,150 ಕೆಜಿ. ಇದರಲ್ಲಿ ನೀವು ಮತ್ತು ಸಹಾಯಕ ಸೇರಿ 150 ಕೆಜಿ. ಏಣಿ ಇಡುವ ಕ್ಯಾರಿಯರ್, ಟೂಲ್ ಬಾಕ್ಸ್, ಒಳಗಿನ ಉಪಕರಣ ಸೇರಿ 120 ಕೆಜಿ. ಸಾಮಾನಿಗೆ ಉಳಿಯುವುದು 880 ಕೆಜಿ. 50 ಕೆಜಿಯ ಸಿಮೆಂಟ್ ಚೀಲವಾದರೆ 17 ಮಾತ್ರ. ಒಂದು ಘನ ಮೀಟರ್ ಒಣ ಮರಳು ಸುಮಾರು 1,600 ಕೆಜಿ ತೂಗುತ್ತದೆ. ಅಂದರೆ ಅರ್ಧ ಘನ ಮೀಟರಿಗೇ ಈ ಗಾಡಿಯ ಮಿತಿ ಹತ್ತಿರ ಬಂತು. ಸಾವಿರ ಲೀಟರ್ ನೀರು ಅಂದರೆ ಸರಿಯಾಗಿ ಒಂದು ಟನ್. ಹಿಂದಿನ ಲೋಡ್ ಬಾಡಿ ತುಂಬುವವರೆಗೂ ಹಾಕಬಹುದು ಅಂತ ಅಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು.

ಲೆಕ್ಕದಿಂದ ತಪ್ಪಿಹೋಗುವ ಇನ್ನೆರಡು ಭಾರಗಳಿವೆ. ಹಿಂದೆ ಕಟ್ಟಿಸಿದ ಕಬ್ಬಿಣದ ಮುಚ್ಚಳ ಅಥವಾ ಗೂಡಿನ ತೂಕ ಪೇಲೋಡ್‌ನಲ್ಲೇ ಕಳೆಯುತ್ತದೆ. ಟ್ರೇಲರ್ ಎಳೆಯುವುದಾದರೆ ಅದರ ಮೂತಿ ಕೊಕ್ಕೆಯ ಮೇಲೆ ಹಾಕುವ ಭಾರವೂ ಪೇಲೋಡ್‌ನಲ್ಲೇ ಸೇರುತ್ತದೆ.

ಅಳತೆಯನ್ನೂ ಮರೆಯಬೇಡಿ. ದೊಡ್ಡ ಪ್ಲೈವುಡ್ ಹಾಳೆ 2,440 ಮಿ.ಮೀ. ಉದ್ದ, 1,220 ಮಿ.ಮೀ. ಅಗಲ ಇರುತ್ತದೆ. ಬಾಡಿಯ ಒಳಗೆ ಚಕ್ರದ ಉಬ್ಬುಗಳ ನಡುವಿನ ಜಾಗ ಇದಕ್ಕಿಂತ ಕಡಿಮೆ ಇದ್ದರೆ ಹಾಳೆ ಸಮತಟ್ಟಾಗಿ ಕೂರುವುದಿಲ್ಲ. ಎರಡು ಸಾಲು ಸೀಟಿನ ಡಬಲ್ ಕ್ಯಾಬ್‌ನಲ್ಲಿ ಜನರಿಗೆ ಜಾಗ ಸಿಗುತ್ತದೆ, ಆದರೆ ಬಾಡಿ ಗಿಡ್ಡವಾಗುತ್ತದೆ. ಕೆಲಸಕ್ಕೆ ಇಬ್ಬರೇ ಹೋಗುವುದಾದರೆ ಸಿಂಗಲ್ ಕ್ಯಾಬ್ ಸಾಕು ಅಂತ ನನ್ನ ಅಭಿಪ್ರಾಯ.

ಡೀಸೆಲ್ಲಾ, ಪೆಟ್ರೋಲಾ ಅನ್ನುವುದೂ ಇಲ್ಲೇ ತೀರ್ಮಾನ ಆಗಬೇಕು. ಇತ್ತೀಚಿನ ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಅದು ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಟ್ಟುಕೊಂಡು, ಚೆನ್ನಾಗಿ ಬಿಸಿಯಾದಾಗ ಸುಟ್ಟು ಹಾಕುತ್ತದೆ. ದಿನಾ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕೆಲಸ ನಿಮ್ಮದಾದರೆ ಅದು ಬೇಕಾದಷ್ಟು ಬಿಸಿಯೇ ಆಗುವುದಿಲ್ಲ. ಮಸಿ ಕಟ್ಟಿಕೊಂಡು ಗಾಡಿ ಎಳೆಯುವುದನ್ನೇ ನಿಲ್ಲಿಸುತ್ತದೆ. ಅಂಥವರಿಗೆ ಪೆಟ್ರೋಲ್ ಗಾಡಿ ಒಳ್ಳೆಯದು. ದೂರದ ಓಡಾಟ, ಭಾರದ ಲೋಡು ಇದ್ದರೆ ಡೀಸೆಲ್.

2. ಹೋಗುವ ಮೊದಲು ಎರಡು ಫೋನ್ ಮಾಡಿ

ಒಂದು ಮಾರುವವರಿಗೆ. ಗಾಡಿ ಯಾವ ಕೆಲಸದಲ್ಲಿತ್ತು, ಯಾರು ಓಡಿಸುತ್ತಿದ್ದರು, ಎಷ್ಟು ಕೈ ಬದಲಾಗಿದೆ, ಸರ್ವಿಸ್ ಬಿಲ್ಲುಗಳು ಇವೆಯಾ ಅಂತ ಕೇಳಿ. ಕೊನೆಗೆ ಒಂದು ಮಾತು ಹೇಳಿ: "ನಾನು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ."

ಇನ್ನೊಂದು ನಿಮಗೆ ಹತ್ತಿರದ ಬಿಡಿಭಾಗದ ಅಂಗಡಿಗೆ. ಆ ಮಾಡೆಲ್‌ನ ಕ್ಲಚ್ ಸೆಟ್, ಬ್ರೇಕ್ ಭಾಗಗಳು, ವಾಟರ್ ಪಂಪ್ ಅಂಗಡಿಯಲ್ಲೇ ಇರುತ್ತವಾ, ತರಿಸಬೇಕಾ ಅಂತ ವಿಚಾರಿಸಿ. ಸ್ವಂತ ಕೆಲಸ ಮಾಡುವವರಿಗೆ ಗಾಡಿ ನಿಂತ ದಿನ ಸಂಪಾದನೆಯೂ ನಿಲ್ಲುತ್ತದೆ. ಎರಡು ವಾರ ಬಿಡಿಭಾಗಕ್ಕೆ ಕಾಯಿಸುವ ಅಪರೂಪದ ಗಾಡಿಗಿಂತ, ಎಲ್ಲ ಗ್ಯಾರೇಜಿನವರಿಗೂ ಗೊತ್ತಿರುವ ಸಾಮಾನ್ಯ ಗಾಡಿಯೇ ಮೇಲು.

3. ಚಾಸಿ ನೋಡಿ, ಆತುರ ಬೇಡ

ಚಾಸಿ ಅಂದರೆ ಗಾಡಿಯ ಅಸ್ಥಿಪಂಜರ. ಹೆಚ್ಚಿನ ಪಿಕಪ್‌ಗಳಲ್ಲಿ ಅದು ಏಣಿಯ ಆಕಾರದಲ್ಲಿರುತ್ತದೆ. ಎರಡು ಉದ್ದನೆಯ ಕಬ್ಬಿಣದ ತೊಲೆಗಳು, ನಡುವೆ ಅಡ್ಡಪಟ್ಟಿಗಳು. ಮುಂದಿನ ಕ್ಯಾಬಿನ್ ಮತ್ತು ಹಿಂದಿನ ಲೋಡ್ ಬಾಡಿ ಅದರ ಮೇಲೆ ಬೇರೆ ಬೇರೆಯಾಗಿ ಕೂತಿರುತ್ತವೆ. ಇದರಿಂದ ನಮಗೆ ಒಂದು ಸುಲಭದ ಪರೀಕ್ಷೆ ಸಿಗುತ್ತದೆ.

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪಕ್ಕದಿಂದ ಸ್ವಲ್ಪ ದೂರ ನಿಂತು ಕ್ಯಾಬಿನ್ ಮತ್ತು ಬಾಡಿಯ ನಡುವಿನ ಸಂದು ನೋಡಿ. ಸಂದು ಮೇಲಿಂದ ಕೆಳಗೆ ಒಂದೇ ಅಗಲ ಇರಬೇಕು. ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ, ಅಥವಾ ಅದರ ಉಲ್ಟಾ ಇದ್ದರೆ, ಚಾಸಿ ಬಾಗಿರುವ ಅನುಮಾನ ಇಟ್ಟುಕೊಳ್ಳಿ. ಕ್ಯಾಬಿನ್ ಕೆಳಗಿನ ರಬ್ಬರ್ ಬುಷ್‌ಗಳು ಸವೆದರೂ ಹೀಗಾಗಬಹುದು, ಅದು ಸಣ್ಣ ಖರ್ಚು. ಯಾವುದು ಅಂತ ತಿಳಿಯಲು ಕೆಳಗೆ ಇಳಿಯಲೇಬೇಕು.

ಚಾಪೆ ಹಾಸಿ ಮಲಗಿ. ಜ್ಯಾಕ್ ಮೇಲೆ ಎತ್ತಿದ ಗಾಡಿಯ ಕೆಳಗೆ ಮಾತ್ರ ಯಾವತ್ತೂ ಹೋಗಬೇಡಿ. ಜ್ಯಾಕ್ ಜಾರಿದರೆ ಜೀವಕ್ಕೇ ಅಪಾಯ.

ಟಾರ್ಚ್ ಬಿಟ್ಟು ತೊಲೆಯ ಉದ್ದಕ್ಕೂ ನೋಡುತ್ತಾ ಹೋಗಿ. ಕ್ಯಾಬಿನ್ನಿನ ಹಿಂಬದಿ ಮತ್ತು ಹಿಂದಿನ ಚಕ್ರದ ಮೇಲ್ಭಾಗ, ಈ ಎರಡು ಕಡೆ ಜಾಸ್ತಿ ಹೊತ್ತು ನಿಲ್ಲಿ. ಅತಿ ಭಾರ ಹೊತ್ತ ಗಾಡಿಯಲ್ಲಿ ತೊಲೆಯ ಅಂಚು ಸಣ್ಣಗೆ ಸುಕ್ಕುಗಟ್ಟಿರುತ್ತದೆ, ಇಲ್ಲವೇ ರಂಧ್ರಗಳ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಇರುತ್ತದೆ. ಫ್ಯಾಕ್ಟರಿಯ ವೆಲ್ಡಿಂಗ್ ಒಂದೇ ಸಮ ಇರುತ್ತದೆ. ಆಮೇಲೆ ಮಾಡಿಸಿದ್ದು ಗಂಟು ಗಂಟಾಗಿ ಕಾಣುತ್ತದೆ. ತೊಲೆಗೆ ಒತ್ತುಕೊಟ್ಟು ಪಟ್ಟಿ ಬೆಸೆದಿದ್ದರೆ ಅಲ್ಲೇ ಒಮ್ಮೆ ಮುರಿದಿತ್ತು ಅಂತ ತಿಳಿದುಕೊಳ್ಳಿ.

ತುಕ್ಕಿನಲ್ಲಿ ಎರಡು ಬಗೆ. ಕೈಯಲ್ಲಿ ಉಜ್ಜಿದರೆ ಪುಡಿಯಾಗಿ ಬರುವ ಕಂದು ಬಣ್ಣದ ತೆಳು ತುಕ್ಕಿಗೆ ಹೆದರಬೇಕಿಲ್ಲ. ಪದರ ಪದರವಾಗಿ ಎದ್ದು ಚಕ್ಕೆ ಕೀಳುವ ತುಕ್ಕು ಕಬ್ಬಿಣವನ್ನೇ ತಿಂದಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಒಳಗೆ ಟೊಳ್ಳಾಗಿದ್ದರೆ ದಬ್ ಅನ್ನುತ್ತದೆ. ಮಾರುವವರ ಅನುಮತಿ ಕೇಳಿಯೇ ತಟ್ಟಿ. ಸ್ಪ್ರಿಂಗ್ ಚಾಸಿಗೆ ಸೇರುವ ಜಾಗ ಮತ್ತು ಕೆಸರು ತುಂಬಿ ಮುಚ್ಚಿಹೋದ ನೀರಿನ ತೂತುಗಳ ಸುತ್ತ ತುಕ್ಕು ಮೊದಲು ಶುರುವಾಗುತ್ತದೆ.

ಅಡಿಭಾಗಕ್ಕೆಲ್ಲ ಹೊಚ್ಚಹೊಸ ಕಪ್ಪು ಬಣ್ಣ ಬಳಿದಿದ್ದರೆ ಎಚ್ಚರ. ಹಿಂದೆ ನಾನೇ ಇದರಲ್ಲಿ ಮೋಸ ಹೋಗಿದ್ದೇನೆ. ಕನ್ನಡಿಯಂತೆ ಹೊಳೆಯುವ ಗಾಡಿ ತಂದೆ. ಬಣ್ಣ ಉದುರಿದ ಮೇಲೆ ಹಿಂಬದಿಯ ತೊಲೆಯಲ್ಲಿ ಬೆಸೆದ ಗುರುತು ಕಂಡಿತು. ಅದಾದ ಮೇಲೆ ಅಡಿಯಲ್ಲಿ ಮಲಗಿ ನೋಡದೆ ನಾನು ಯಾವ ಗಾಡಿಗೂ ಬೆಲೆ ಮಾತಾಡುವುದಿಲ್ಲ.

ಲೋಡ್ ಬಾಡಿಯ ನೆಲಕ್ಕೆ ಪ್ಲಾಸ್ಟಿಕ್ ಹಾಸು ಇದ್ದರೆ ಎತ್ತಿಸಿ ನೋಡಿ. ಅದರಡಿ ನೀರು ನಿಂತು ತಗಡು ತೂತಾಗಿರುವುದು ಮಾಮೂಲು.

4. ಸ್ಪ್ರಿಂಗ್, ಆಕ್ಸಲ್, ಟೈರ್

ಹಿಂದಿನ ಚಕ್ರಗಳ ಹತ್ತಿರ ಒಂದರ ಮೇಲೊಂದು ಜೋಡಿಸಿದ ಕಬ್ಬಿಣದ ಪಟ್ಟಿಗಳು ಕಾಣುತ್ತವೆ. ಅದೇ ಲೀಫ್ ಸ್ಪ್ರಿಂಗ್. ಗಾಡಿ ಖಾಲಿ ಇದ್ದಾಗ ಹೆಚ್ಚಿನವುಗಳಲ್ಲಿ ಅದು ಬಿಲ್ಲಿನಂತೆ ಬಾಗಿರಬೇಕು. ಖಾಲಿ ಇದ್ದಾಗಲೇ ಚಪ್ಪಟೆಯಾಗಿದ್ದರೆ ಅಥವಾ ಉಲ್ಟಾ ಬಾಗಿದ್ದರೆ ಸ್ಪ್ರಿಂಗ್ ಸೋತಿದೆ. ಎರಡೂ ಕಡೆ ಚಕ್ರದ ಮಧ್ಯದಿಂದ ಬಾಡಿಯ ಅಂಚಿನವರೆಗೆ ಅಳೆಯಿರಿ. ಒಂದು ಕಡೆ ಕುಗ್ಗಿದ್ದರೆ ಗೊತ್ತಾಗುತ್ತದೆ.

ಕಂಪನಿ ಕೊಟ್ಟಿದ್ದಕ್ಕಿಂತ ಜಾಸ್ತಿ ಪಟ್ಟಿ ಹಾಕಿಸಿದ್ದಾರಾ ಅಂತ ಎಣಿಸಿ. ಬೇರೆಲ್ಲ ಹಳತಾಗಿ ಒಂದೆರಡು ಮಾತ್ರ ಬೇರೆ ಬಣ್ಣದಲ್ಲಿದ್ದರೆ ಆಮೇಲೆ ಸೇರಿಸಿದ್ದು. "ಗಟ್ಟಿ ಮಾಡಿಸಿದ್ದೇವೆ" ಅಂತ ಮಾರುವವರು ಹೆಮ್ಮೆಯಿಂದ ಹೇಳಬಹುದು. ಸ್ಪ್ರಿಂಗ್ ಗಟ್ಟಿಯಾದರೆ ಚಾಸಿ, ಆಕ್ಸಲ್ (ಎರಡು ಕಡೆಯ ಚಕ್ರಗಳನ್ನು ಜೋಡಿಸುವ ಅಚ್ಚು), ಬ್ರೇಕ್ ಗಟ್ಟಿಯಾಗುವುದಿಲ್ಲ. ಗಾಡಿ ಮಿತಿ ಮೀರಿ ಹೊತ್ತಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಆಕ್ಸಲ್ ಮೇಲೆ ಚಾಸಿಗೆ ಅಂಟಿದ ರಬ್ಬರಿನ ದಿಂಬು ಇರುತ್ತದೆ. ಅದು ಜಜ್ಜಿಹೋಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಚಾಸಿಗೆ ಆಕ್ಸಲ್ ಬಡಿದಿದೆ ಅಂತ ಅರ್ಥ.

ಸ್ಟೇರಿಂಗ್ ನೇರ ಇಟ್ಟು, ಮುಂದಿನ ಚಕ್ರದ ಮಧ್ಯದಿಂದ ಹಿಂದಿನ ಚಕ್ರದ ಮಧ್ಯಕ್ಕೆ ಎರಡೂ ಕಡೆ ಟೇಪು ಹಿಡಿಯಿರಿ. ಎರಡು ಅಳತೆಗಳ ನಡುವೆ ಸೆಂಟಿಮೀಟರ್‌ಗಟ್ಟಲೆ ವ್ಯತ್ಯಾಸ ಬಂದರೆ ಆಕ್ಸಲ್ ಜರುಗಿದೆ ಅಥವಾ ಚಾಸಿ ತಿರುಚಿದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಹುಡುಕಿ. 2319 ಅಂದರೆ 2019ರ 23ನೇ ವಾರ ತಯಾರಾದ ಟೈರು. ಟೈರಿನ ಮೇಲಿನ ಗೀರುಗಳು ಎಷ್ಟೇ ಆಳ ಇದ್ದರೂ 10 ವರ್ಷ ದಾಟಿದ ಟೈರನ್ನು ಬದಲಿಸುವ ಖರ್ಚು ಸೇರಿಸಿಕೊಳ್ಳಿ. ಟೈರಿನ ಮೇಲೇ ಬರೆದಿರುವ ಭಾರದ ಸೂಚ್ಯಂಕವನ್ನೂ ನೋಡಿ. 100 ಅಂದರೆ ಒಂದು ಟೈರು 800 ಕೆಜಿ ಹೊರುತ್ತದೆ, 121 ಅಂದರೆ 1,450 ಕೆಜಿ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಕಾರಿನ ಟೈರು ಹಾಕಿರುವ ಪಿಕಪ್‌ಗಳು ಇರುತ್ತವೆ. ಲೋಡು ಹಾಕಿದ ದಿನ ಅವು ಸಿಡಿಯಬಹುದು. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ನೇರ, ಮಾತ್ರ ತಪ್ಪಿದೆಯಾ, ಯಾವುದಾದರೂ ಭಾಗ ಬಾಗಿದೆಯಾ ಅಂತ ಮೆಕ್ಯಾನಿಕ್ ಹತ್ತಿರ ತೋರಿಸಿ.

5. ತಣ್ಣಗಿರುವ ಎಂಜಿನ್

ಬಾನೆಟ್ ಎತ್ತಿ ಎಂಜಿನ್ ಹತ್ತಿರ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಿರುವಾಗ ಕಷ್ಟಪಟ್ಟು ಸ್ಟಾರ್ಟ್ ಆಗುವ ಎಂಜಿನ್ ಬಿಸಿಯಾದ ಮೇಲೆ ಒಳ್ಳೆಯ ಹುಡುಗನಂತೆ ನಡೆದುಕೊಳ್ಳುತ್ತದೆ. ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ ಹೊರಡಿ.

ತಣ್ಣಗಿದ್ದರೆ ಆಯಿಲ್ ಕಡ್ಡಿ ತೆಗೆದು ಬಿಳಿ ಬಟ್ಟೆಗೆ ಒರೆಸಿ. ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ. ಕಪ್ಪಾಗಿದೆ ಅಂತ ಗಾಬರಿ ಬೇಡ. ಮಟ್ಟ ತೀರಾ ಕೆಳಗಿದ್ದರೆ, ಅಥವಾ ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಗಂಭೀರ. ಕಾಫಿ ಬಣ್ಣ ಅಂದರೆ ಆಯಿಲ್‌ಗೆ ನೀರು ಸೇರುತ್ತಿದೆ. ಆಯಿಲ್ ಹಾಕುವ ಮುಚ್ಚಳದಡಿ ಮಾತ್ರ ಸ್ವಲ್ಪ ನೊರೆ ಇದ್ದರೆ ಅದು ಕಡಿಮೆ ದೂರದ ಓಡಾಟದ ತೇವವೂ ಇರಬಹುದು. ಕೂಲಂಟ್ (ಎಂಜಿನ್ ತಣಿಸುವ ದ್ರವ) ಟ್ಯಾಂಕಿನಲ್ಲಿ ಎಣ್ಣೆಯ ಪದರ ತೇಲುತ್ತಿದ್ದರೆ ಆ ಗಾಡಿ ಬಿಡಿ. ರೇಡಿಯೇಟರ್ ಮುಚ್ಚಳವನ್ನು ಬಿಸಿ ಇದ್ದಾಗ ಯಾವ ಕಾರಣಕ್ಕೂ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಈಗ ಸ್ಟಾರ್ಟ್ ಮಾಡಿಸಿ. ನೀವು ಸೈಲೆನ್ಸರ್ ಹತ್ತಿರ ನಿಲ್ಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ದಟ್ಟ ಕಪ್ಪು ಹೊಗೆ ಅಂದರೆ ಇಂಧನ ಜಾಸ್ತಿ, ಗಾಳಿ ಕಡಿಮೆ. ಬಿಳಿ ಆವಿ ಒಂದೆರಡು ನಿಮಿಷದಲ್ಲಿ ಕರಗಿದರೆ ಪರವಾಗಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲಂಟ್ ಸುಡುತ್ತಿದೆ.

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ನೋಡಿ. ಸ್ವಲ್ಪ ಆವಿ ಸಹಜ. ಬುಸುಬುಸು ಅಂತ ಹೊಗೆ ತಳ್ಳಿ ಮುಚ್ಚಳ ಕುಣಿದರೆ ಪಿಸ್ಟನ್ ರಿಂಗ್ ಸವೆದಿವೆ. ಇದಕ್ಕೆ ಬ್ಲೋ-ಬೈ ಅಂತಾರೆ. ಎಂಜಿನ್ ಬಿಚ್ಚುವ ಕಾಲ ಹತ್ತಿರ ಬಂದಿದೆ ಅಂತ ಅರ್ಥ.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಬದಲಿಸಿದ ಬಿಲ್ ಕೇಳಿ. ಈ ರಬ್ಬರ್ ಬೆಲ್ಟ್ ವಾಲ್ವ್‌ಗಳನ್ನೂ ಪಿಸ್ಟನ್‌ಗಳನ್ನೂ ಒಂದೇ ತಾಳದಲ್ಲಿ ಓಡಿಸುತ್ತದೆ. ಓಡುವಾಗ ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಮುರಿಯುತ್ತವೆ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ.

6. ಸ್ಕ್ಯಾನರ್ ಪರೀಕ್ಷೆ

ಈಚಿನ ಗಾಡಿಗಳಲ್ಲಿ ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಸಣ್ಣ ಸ್ಕ್ಯಾನರ್ ಸಿಕ್ಕಿಸಿದರೆ ಗಾಡಿಯ ಕಂಪ್ಯೂಟರ್ ನೆನಪಿಟ್ಟುಕೊಂಡ ದೋಷಗಳು ಕಾಣುತ್ತವೆ. ದೋಷ ಒಂದೂ ಇಲ್ಲ ಅಂತ ತೋರಿಸಿದರೆ ಖುಷಿಪಡುವ ಮೊದಲು ರೆಡಿನೆಸ್ ಅನ್ನುವ ಪಟ್ಟಿ ನೋಡಿ. ಅದು ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡ ಲೆಕ್ಕ. ಹೆಚ್ಚಿನವು "ಪೂರ್ತಿಯಾಗಿಲ್ಲ" ಅಂತ ಇದ್ದರೆ ಇತ್ತೀಚೆಗೆ ಯಾರೋ ದೋಷಗಳನ್ನು ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಕೀಲಿ ತಿರುಗಿಸಿದಾಗ ಎಚ್ಚರಿಕೆ ದೀಪಗಳೆಲ್ಲ ಒಮ್ಮೆ ಹೊತ್ತಿ ಆರಬೇಕು. ಯಾವುದಾದರೂ ಹೊತ್ತಲೇ ಇಲ್ಲ ಅಂದರೆ ಬಲ್ಬ್ ತೆಗೆದಿರಬಹುದು.

7. ಲೋಡು ಹಾಕಿ ಓಡಿಸಿ

ಖಾಲಿ ಪಿಕಪ್ ಓಡಿಸಿ ತೀರ್ಮಾನ ಮಾಡಬೇಡಿ. ಮೊದಲು ಮಾರುವವರನ್ನು ಒಪ್ಪಿಸಿ, ಮಿತಿಯ ಅರ್ಧದಷ್ಟಾದರೂ ಭಾರ ಹಾಕಿ ಓಡಿಸಿ. ಮರಳು ಚೀಲವೋ, ನಿಮ್ಮದೇ ಸಾಮಾನೋ ಯಾವುದಾದರೂ ಆದೀತು. ಒಂದು ಏರು, ಒಂದು ಇಳಿಜಾರು, ಸ್ವಲ್ಪ ಕೆಟ್ಟ ರಸ್ತೆ ಸಿಗುವಂತೆ ಅರ್ಧ ಗಂಟೆ ಓಡಿಸಿ.

ಕ್ಲಚ್ ಪರೀಕ್ಷೆಗೆ ನಿಧಾನದ ವೇಗದಲ್ಲಿ ಮೇಲಿನ ಗೇರ್ ಹಾಕಿ ಜೋರಾಗಿ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ಗಾಡಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ಹೊರಗೆ ಬಂದರೆ ಗೇರ್‌ಬಾಕ್ಸ್ ಸವೆದಿದೆ. ಗಾಡಿ ಹೊರಡುವಾಗ ಕೆಳಗೆ ಠಕ್ ಅಂತ ಸದ್ದು ಬಂದರೆ ಪ್ರೊಪೆಲ್ಲರ್ ಶಾಫ್ಟಿನ, ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ದಂಡದ, ಕ್ರಾಸ್ ಜಾಯಿಂಟ್ ನೋಡಿಸಿ. ಇದು ದೊಡ್ಡ ಖರ್ಚಲ್ಲ. ಹಿಂದಿನಿಂದ ವೇಗಕ್ಕೆ ತಕ್ಕಂತೆ ಊಳಿಡುವ ಸದ್ದು ಬಂದರೆ ಡಿಫರೆನ್ಷಿಯಲ್, ಅಂದರೆ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಡಬ್ಬ, ಸವೆದಿರಬಹುದು. ಅದು ದೊಡ್ಡ ಖರ್ಚು.

ಬ್ರೇಕ್ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ, ದಯವಿಟ್ಟು ಗಮನ ಕೊಡಿ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳಿನ ಜೊತೆ ವಾಲ್ವ್ ಇರುತ್ತದೆ. ಲೋಡ್ ಸೆನ್ಸಿಂಗ್ ವಾಲ್ವ್ ಅಂತ ಹೆಸರು. ಗಾಡಿ ಖಾಲಿ ಇದ್ದಾಗ ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ, ಭಾರ ಕೂತು ಬಾಡಿ ತಗ್ಗಿದಾಗ ಜಾಸ್ತಿ ಒತ್ತಡ ಕಳಿಸುವುದು ಅದರ ಕೆಲಸ. ಹಳೆಯ ಗಾಡಿಗಳಲ್ಲಿ ಅದು ತುಕ್ಕು ಹಿಡಿದು ಜಾಮ್ ಆಗಿರುತ್ತದೆ. ಕೆಲವರು ಸರಳನ್ನೇ ತೆಗೆದು ತಂತಿಯಲ್ಲಿ ಕಟ್ಟಿರುತ್ತಾರೆ. ಸ್ಪ್ರಿಂಗಿಗೆ ಜಾಸ್ತಿ ಪಟ್ಟಿ ಹಾಕಿಸಿದ ಗಾಡಿಯಲ್ಲಂತೂ ಭಾರ ಹಾಕಿದರೂ ಬಾಡಿ ತಗ್ಗುವುದಿಲ್ಲ. ವಾಲ್ವ್ ಗಾಡಿ ಖಾಲಿ ಇದೆ ಅಂತಲೇ ತಿಳಿದುಕೊಳ್ಳುತ್ತದೆ. ಪೂರ್ತಿ ಲೋಡಿನಲ್ಲಿ ಇಳಿಜಾರು ಇಳಿಯುವಾಗ ಹಿಂದಿನ ಬ್ರೇಕ್ ಅರ್ಧವೂ ಹಿಡಿಯದೇ ಹೋಗಬಹುದು. ಆ ಸರಳು ಜಾಮ್ ಆಗದೆ ಸಲೀಸಾಗಿ ಆಡುತ್ತಿದೆಯಾ, ಎರಡೂ ತುದಿ ಸೇರಿದೆಯಾ ಅಂತ ಕಣ್ಣಾರೆ ನೋಡಿ.

ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಗಾಡಿಯಾದರೆ ಆ ವ್ಯವಸ್ಥೆಯನ್ನು ಮಣ್ಣಿನ ನೆಲದಲ್ಲಿ ಪರೀಕ್ಷಿಸಿ. ಒಣ ಟಾರು ರಸ್ತೆಯಲ್ಲಿ ಹಾಕಿ ತಿರುಗಿಸಿದರೆ ಹೆಚ್ಚಿನ ಪಿಕಪ್‌ಗಳಲ್ಲಿ ಗೇರುಗಳು ಬಿಗಿದುಕೊಳ್ಳುತ್ತವೆ.

8. ಮೀಟರ್ ಮತ್ತು ಕಾಗದಪತ್ರ

ಮೀಟರಿನಲ್ಲಿ 50 ಸಾವಿರ ಇದ್ದು, ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗಾಗಿ, ಡ್ರೈವರ್ ಸೀಟಿನ ಅಂಚು ಹರಿದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಸರ್ವಿಸ್ ಬಿಲ್ಲುಗಳಲ್ಲಿ ಬರೆದ ಕಿಲೋಮೀಟರ್‌ಗಳನ್ನು ದಿನಾಂಕದ ಜೊತೆ ಹೋಲಿಸಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೆಸರಿನ ಗೆರೆ ಇದ್ದರೆ ಗಾಡಿ ನೆರೆ ನೀರಿನಲ್ಲಿ ಮುಳುಗಿತ್ತು.

ಚಾಸಿ ನಂಬರ್ ಹೆಚ್ಚಿನ ಗಾಡಿಗಳಲ್ಲಿ 17 ಅಕ್ಷರ ಮತ್ತು ಅಂಕಿಗಳದ್ದು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ, ಏಕೆಂದರೆ 1 ಮತ್ತು 0 ಜೊತೆ ಗೊಂದಲವಾಗುತ್ತದೆ. ಚಾಸಿಯ ಮೇಲೆ ಕೊರೆದ ನಂಬರ್ ಮತ್ತು ನೋಂದಣಿ ಪತ್ರದ ನಂಬರನ್ನು ಒಂದೊಂದೇ ಅಕ್ಷರ ಓದಿ ಹೋಲಿಸಿ. ನಂಬರಿನ ಸುತ್ತ ಉಜ್ಜಿದ ಗುರುತು ಇದ್ದರೆ ಅಲ್ಲಿಂದ ಹೊರಡಿ. ಗಾಡಿಯ ಮೇಲೆ ಸಾಲ ಬಾಕಿ ಇದೆಯಾ ಅನ್ನುವುದು ಹಣ ಕೊಡುವ ಮೊದಲೇ ಬರಹದಲ್ಲಿ ಗೊತ್ತಾಗಬೇಕು. ವ್ಯಾಪಾರಕ್ಕೆ ಬಳಸುವ ಗಾಡಿಗೆ ನೋಂದಣಿ, ವಿಮೆ, ಲೈಸೆನ್ಸ್ ಬೇರೆ ಬಗೆಯದ್ದು ಬೇಕಾಗಬಹುದು. ಅದನ್ನು ಮೊದಲೇ ವಿಚಾರಿಸಿಕೊಳ್ಳಿ. ಖಾಸಗಿ ವಿಮೆಯಲ್ಲಿ ಕೆಲಸದ ಸಾಮಾನು ಸಾಗಿಸುವಾಗ ಅಪಘಾತವಾದರೆ ಪರಿಹಾರ ಸಿಗದೇ ಹೋಗಬಹುದು.

9. ಬೆಲೆ ಮಾತಾಡುವಾಗ

ನೀವು ಕಂಡ ದೋಷಗಳನ್ನೆಲ್ಲ ಬರೆದು, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ಗಾಡಿ ತೋರಿಸಿ. ಅವರ ಕೂಲಿ ಉಳಿಸಲು ಹೋಗಬೇಡಿ. ರಿಪೇರಿ ಅಂದಾಜನ್ನು ಬೆಲೆಯಲ್ಲಿ ಕಳೆಯಲು ಕೇಳಿ. ಟೈರು, ಬ್ಯಾಟರಿ, ಕ್ಲಚ್, ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್ ಇವೆಲ್ಲ ಚೌಕಾಸಿಗೆ ಬರುವ ದೋಷಗಳು. ಬಾಗಿದ ಚಾಸಿ, ಪದರ ತುಕ್ಕು, ಆಯಿಲ್‌ನಲ್ಲಿ ನೀರು, ತಾಳೆಯಾಗದ ನಂಬರ್ ಇವು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ. "ಇವತ್ತೇ ಇನ್ನೊಬ್ಬರು ಬರ್ತಾರೆ" ಅಂದರೆ ಬರಲಿ ಬಿಡಿ.

ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಸುರಿಯಬೇಡಿ. ಬೆಲೆಯ ಐದನೇ ಒಂದು ಭಾಗದಷ್ಟಾದರೂ ಮೊದಲ ರಿಪೇರಿಗೆ ಎತ್ತಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

10. ತಂದ ಮೊದಲ ವಾರ

ಹಿಂದಿನವರು ಏನು ಮಾಡಿಸಿದ್ದರು ಅನ್ನುವುದನ್ನು ಬದಿಗಿಟ್ಟು ಎಂಜಿನ್ ಆಯಿಲ್, ಎಲ್ಲ ಫಿಲ್ಟರ್‌ಗಳು, ಕೂಲಂಟ್, ಬ್ರೇಕ್ ಆಯಿಲ್ ಬದಲಿಸಿ. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಆಯಿಲನ್ನೂ ಸೇರಿಸಿ, ಇವನ್ನು ಎಷ್ಟೋ ಜನ ಮರೆತೇಬಿಟ್ಟಿರುತ್ತಾರೆ. ಇಳಿಸಿದ ಡಿಫರೆನ್ಷಿಯಲ್ ಆಯಿಲ್‌ನಲ್ಲಿ ಅಯಸ್ಕಾಂತ ಅದ್ದಿ ನೋಡಿ. ನುಣ್ಣನೆಯ ಬೂದಿಯಂಥ ಪುಡಿ ಸಹಜ, ಚೂರುಗಳು ಸಿಕ್ಕರೆ ಗೇರ್ ಒಡೆಯುತ್ತಿದೆ. ಚಕ್ರ ಬಿಚ್ಚಿಸಿ ಹಾಕಿಸಿದ್ದರೆ ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಆಮೇಲೆ ಪೇಲೋಡ್ ಲೆಕ್ಕದಲ್ಲಿ ನಿಮ್ಮ ಗಾಡಿಯ ಸಾಮಾನಿಗೆ ಉಳಿದ ಕೆಜಿ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಲೋಡು ತುಂಬುವ ಹುಡುಗರಿಗೂ ಅದು ಕಾಣುವಂತಿರಲಿ.